ಭಾವ ನೋಡಿದ್ದನ್ನು ನೋಡಿದವನು

ಧಾರಾವಾಹಿ ಇದ್ದದ್ದು ಹನ್ನೊಂದು ಗಂಟೆಗೆ. ಬಾಮೈದ ಒಂಬತ್ತಕ್ಕೇ ಸ್ನಾನ ಮುಗಿಸಿ, ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟೀವಿ ಎದುರಿನ ಬೆತ್ತದ ಕುರ್ಚಿಯಲ್ಲಿ ನೆಂಟರ ಮನೆಗೆ ಬಂದವನ ಹಾಗೆ ನೆಟ್ಟಗೆ ಕೂತುಬಿಟ್ಟಿದ್ದ. ಅವನ ಬಾಚಿದ ತಲೆಯನ್ನು ಹಿಂದಿನಿಂದ ನೋಡಿದಾಗಲೆಲ್ಲ ಭಾವ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದ. ಈ ಏಳನೆಯ ಕಂತೊಂದನ್ನು ಬಾಮೈದ ನೋಡಬಾರದಿತ್ತು. ಹಿಂದಿನ ಆರನ್ನು ನೋಡಿಯಾಗಿತ್ತು, ಮುಂದಿನ ಹತ್ತನ್ನು ಬೇಕಾದರೆ ನೋಡಿಕೊಳ್ಳಲಿ, ಇದೊಂದು ಬೇಡ. ಶುಕ್ರವಾರ ಸಂಜೆ ಇದೇ ಕಂತು ಮೊದಲ ಸಲ ಬರುವ ಹೊತ್ತಿಗೆ, ಬಟ್ಟೆ ಒಣಗಿದೆಯೋ ನೋಡಿ ಬರುತ್ತೇನೆಂದು ತಾರಸಿಗೆ ಹೋಗಿ, ಐವತ್ತೇಳು ವರ್ಷದ ಗಂಡಸು, ನೀರಿನ ಟ್ಯಾಂಕಿನ ಹಿಂದೆ ಮೊಣಕಾಲೂರಿ ಕೇಬಲ್ಲಿನ ತುದಿ ಬಿಚ್ಚಿದ್ದ. ಮದುವೆಯಾದಂದಿನಿಂದ ಅವನು ಒಂದು ಕರವಸ್ತ್ರ ಒಣಗಿಸಿದ್ದನ್ನೂ ಕಾಣದ ಹೆಂಡತಿ, ಅವನು ಕೆಳಗಿಳಿದಾಗ ಅವನ ಪ್ಯಾಂಟಿನ ಮಣ್ಣನ್ನು ನೋಡಿದಳು. ಶನಿವಾರ ಕೇಬಲ್ಲಿನವನು ಬಂದು ತುದಿಯನ್ನು ಎಲ್ಲರ ಮುಂದೆ ಎತ್ತಿ ಹಿಡಿದು, "ಇದು ತಾನಾಗಿ ಸಡಿಲ ಆಗಿದ್ದಲ್ಲ ಸಾರ್, ಯಾರೋ ಬಿಚ್ಚಿದ್ದಾರೆ" ಅಂದ. "ಕಾಗೆ ಇರಬಹುದು" ಎಂದು ಅವನು ಅಂದುಬಿಟ್ಟ. "ಯಾವ ಕಾಗೆ ಸಾರ್ ಸ್ಕ್ರೂ ಬಿಚ್ಚತ್ತೆ?" ಎಂದು ಕೇಬಲ್ಲಿನವನು ನಕ್ಕ, ಬಾಮೈದನೂ ನಕ್ಕ, ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವುದಕ್ಕೆ ಐದು ನಿಮಿಷ ಹಿಡಿಯಿತು. ಭಾನುವಾರ ಬೆಳಿಗ್ಗೆ ಮರುಪ್ರಸಾರ ಇದೆ ಎಂದು ಆಮೇಲೆ ಬಾಮೈದನೇ ಖುಷಿಯಿಂದ ನೆನಪಿಸಿದ.

ಇದಕ್ಕೆಲ್ಲ ಮೂಲ ಒಂದು ಕುರ್ಚಿ. ಬಂದರಿಗೆ ಹಡಗುಗಳು ಬರುವುದು ಕಡಿಮೆಯಾಗುತ್ತ ಬಂದು, ಕಡೆಗೆ ಹಡಗಿಗಿಂತ ಕಾಗೆ ಹೆಚ್ಚಾದ ಕಾಲದಲ್ಲಿ, ಖಾಲಿ ಬಿದ್ದಿದ್ದ ಆರನೇ ಶೆಡ್ಡನ್ನು ಟೀವಿಯವರು ಬಾಡಿಗೆಗೆ ಹಿಡಿದಿದ್ದರು. ಬಂದರಿನಲ್ಲಿ ನಡೆಯುವ ಕಳ್ಳ ವ್ಯವಹಾರದ ಬಗ್ಗೆಯೇ ಧಾರಾವಾಹಿ. ಬಂದರಿನ ಮರ್ಯಾದೆ ಕಳೆಯುವ ಕಥೆಗೆ ಬಂದರಿನದೇ ಜಾಗ ಕೊಟ್ಟ ಮೇಲಿನವರ ದೊಡ್ಡ ಮನಸ್ಸನ್ನು ಕ್ಯಾಂಟೀನಿನಲ್ಲಿ ವಾರಗಟ್ಟಲೆ ಆಡಿಕೊಂಡು ನಕ್ಕರು. "ಸುಮ್ಮನೆ ಕೂತಿದ್ದೀರಲ್ಲ, ಹೋಗಿ ಸೀಲು ಅಂದ್ರೇನು ಅಂತ ಅವರಿಗೆ ಸ್ವಲ್ಪ ಹೇಳಿ" ಎಂದು ಸೂಪರ್‌ವೈಸರ್ ಅವನನ್ನು ಕಳಿಸಿದ್ದ. ಅಲ್ಲಿ ಅವನಿಗೊಂದು ಮಡಚುವ ಕುರ್ಚಿ ಕೊಟ್ಟರು. ಅದರ ಬೆನ್ನಿಗೆ 'ಸಲಹೆಗಾರರು' ಎಂದು ಬರೆದ ಕಾಗದ ಅಂಟಿಸಿದ್ದರು. ಮೂವತ್ತೊಂದು ವರ್ಷ ಕಂಟೇನರುಗಳ ಬಾಗಿಲ ಸೀಲು ನೋಡುತ್ತ ನಿಂತೇ ಕೆಲಸ ಮಾಡಿದವನಿಗೆ ಮೊದಲ ಕುರ್ಚಿ. ಹತ್ತು ದಿನ ಅದರಲ್ಲಿ ಕೂತ. ಯಾರೂ ಏನೂ ಕೇಳಲಿಲ್ಲ. ಟೀ ತರುವವನು ಅವನನ್ನು ದಾಟಿ ಹೋಗುತ್ತಿದ್ದ, ಒಮ್ಮೆ ಲೈಟಿನವನೊಬ್ಬ ಅವನು ಎದ್ದ ಸಂದು ನೋಡಿ ಅದೇ ಕುರ್ಚಿಯ ಮೇಲೆ ವೈರುಗಳ ಸುರುಳಿ ಇಟ್ಟು ಹೋದ. ಅವನು ಅದನ್ನು ಎತ್ತಿಡಲೂ ಧೈರ್ಯವಾಗದೆ ಸಂಜೆಯವರೆಗೆ ಪಕ್ಕದಲ್ಲೇ ನಿಂತಿದ್ದ. ಹನ್ನೊಂದನೆಯ ದಿನ, ಸೀಲು ನೋಡುವವನ ಪಾತ್ರದ ನಟ ತಾನಾಗಿ ಬಂದು ಎದುರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, "ಸೀಲು ತಪ್ಪು ಅಂತ ಗೊತ್ತಾದ ಕ್ಷಣ ನಿಮ್ಮ ಕೈ ಏನು ಮಾಡುತ್ತೆ? ಮುಖ ನಾನು ನೋಡ್ಕೋತೀನಿ. ಕೈ ಹೇಳಿಕೊಡಿ" ಅಂದ. ಕೈ! ಅವನ ಕೈಯ ಬಗ್ಗೆ ಯಾರು ಯಾವಾಗ ಕೇಳಿದ್ದರು? ಅವನಿಗೆ ಕಣ್ಣು ತುಂಬಿ ಬಂದಂತಾಯಿತು. ಯೋಚಿಸಲೂ ಇಲ್ಲ, ಎದ್ದು ನಿಂತು ಮಾಡಿ ತೋರಿಸಿದ. "ಇನ್ನೊಂದ್ಸಲ" ಅಂದ ನಟ. ಇನ್ನೊಂದು ಸಲ ತೋರಿಸಿದ. ಅಷ್ಟರಲ್ಲಿ ಸುತ್ತ ಜನ ಸೇರಿದ್ದರು. ಮೂರನೆಯ ಸಲಕ್ಕೆ ನಿರ್ದೇಶಕ ಚಪ್ಪಾಳೆ ತಟ್ಟಿ, "ಏಳನೇ ಕಂತಿಗೆ ಇದೇ ಇರಲಿ" ಅಂದ. ಬಸ್ಸಿನಲ್ಲಿ ಮನೆಗೆ ಬರುವಾಗ ಅರ್ಧ ದಾರಿಯವರೆಗೂ ಆ ಚಪ್ಪಾಳೆ ಕಿವಿಯಲ್ಲಿತ್ತು. ಮಿಕ್ಕರ್ಧ ದಾರಿಯಲ್ಲಿ, ತಾನು ತೋರಿಸಿದ್ದೇನು ಎನ್ನುವುದು ತಲೆಗೆ ಹೋಗಿ, ಇಳಿಯಬೇಕಾದ ನಿಲ್ದಾಣ ಬಿಟ್ಟು ಎರಡು ನಿಲ್ದಾಣ ಮುಂದೆ ಹೋಗಿ ಇಳಿದಿದ್ದ.

"ರೀ, ಕ್ರೇನಿನವರಿಗೂ ಟೀ ಇಡ್ಲಾ? ಅವರೂ ಬರ್ತಾರಂತೆ" ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು. ಮೇಲಿನ ಮನೆಯ ಕ್ರೇನಿನವನು ಬಂದರಿನ ದೊಡ್ಡ ಕ್ರೇನಿನಲ್ಲಿ ಇಪ್ಪತ್ತೆರಡು ವರ್ಷ ಕೂತು ನಿವೃತ್ತನಾದವನು. ಅವನೇಕೆ? ಅವನ ಮನೆಯಲ್ಲೇ ಟೀವಿ ಇದೆ, ಶುಕ್ರವಾರ ನೋಡಿಯೂ ಆಗಿದೆ. ಶನಿವಾರ ಮೆಟ್ಟಿಲಲ್ಲಿ ಎದುರಾದಾಗ ಇವನ ಭುಜ ಹಿಡಿದು, "ಏನ್ರೀ, ಅಚ್ಚು ನೀವೇ!" ಎಂದು ಕಣ್ಣು ಮಿಟುಕಿಸಿದ್ದ. ಅಡುಗೆಮನೆಗೆ ಹೋಗಿ ಅವನು ದನಿ ತಗ್ಗಿಸಿ, "ಇವತ್ತು ನಿನ್ನ ತಮ್ಮನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಲಾ ಅಂತ. ನಿನ್ನೆ ಕೆಮ್ಮು ಜಾಸ್ತಿ ಇತ್ತಲ್ಲ" ಅಂದ. "ಭಾನುವಾರ ಯಾವ ಡಾಕ್ಟರಿರ್ತಾರೆ?" ಎಂದಳು ಹೆಂಡತಿ, ಲೋಟಗಳನ್ನು ಒರೆಸುತ್ತ. ಆಮೇಲೆ ತಲೆಯೆತ್ತದೆ, "ಬಟ್ಟೆ ಒಣಗಿದೆಯಾ ನೋಡೋಕೆ ಇವತ್ತೂ ಮೇಲೆ ಹೋಗ್ತೀರಾ?" ಎಂದು ಕೇಳಿದಳು. ಬಾಯಿ ಬಿಟ್ಟರೆ ಬಣ್ಣಗೇಡು. ಈ ಅಡುಗೆಮನೆಯ ಕಿಟಕಿಯಿಂದ ಕಾಣುವ ಗೋಡೆ, ಆ ಗೋಡೆಯ ಆಚೆ ಇನ್ನೊಂದು ಗೋಡೆ, ಇದರ ನಡುವಿನ ಎರಡು ಕೋಣೆಯಲ್ಲಿ ಆರು ವರ್ಷದಿಂದ ಮೂವರು ಒಬ್ಬರ ಉಸಿರನ್ನೊಬ್ಬರು ಕೇಳುತ್ತ ಬದುಕಿದ್ದೇವೆ. ಇವಳಿಗೆ ಏನು ಗೊತ್ತು, ಎಷ್ಟು ಗೊತ್ತು ಎಂದು ಇವತ್ತಿಗೂ ತನಗೆ ಗೊತ್ತಿಲ್ಲ ಎಂದುಕೊಂಡ. ಹಾಲು ಉಕ್ಕಿ ಬಂತು, ಅವಳು ಒಲೆಯ ಕಡೆ ತಿರುಗಿದಳು.

ಅವನು ನಟನಿಗೆ ತೋರಿಸಿದ್ದು ಇಷ್ಟೇ: ಕನ್ನಡಕ ತೆಗೆಯುವುದು, ಅಂಗಿಯ ತುದಿಯಿಂದ ಅದನ್ನು ನಿಧಾನವಾಗಿ ಒರೆಸುವುದು, ಒರೆಸಿದ್ದನ್ನು ಎಡಗೈಯಲ್ಲಿ ಹಿಡಿದುಕೊಂಡೇ ಬಾಗಿಲ ಕಡೆ ಬಗ್ಗಿ, ಬಲಗೈಯಿಂದ ಸಹಿ ಹಾಕುವುದು. ಕಂಟೇನರಿನ ಬಾಗಿಲಿಗೆ ಹಾಕಿದ ಸೀಲಿನ ಮೇಲೊಂದು ಸಂಖ್ಯೆ ಇರುತ್ತದೆ, ಜೊತೆಗೆ ಬಂದ ಕಾಗದದ ಮೇಲೂ ಅದೇ ಸಂಖ್ಯೆ ಇರಬೇಕು. ಎರಡೂ ಬೇರೆಯಾಗಿದ್ದರೆ ದಾರಿಯಲ್ಲಿ ಯಾರೋ ಬಾಗಿಲು ತೆಗೆದಿದ್ದಾರೆ, ಒಳಗಿನದು ಬದಲಾಗಿದೆ ಎಂದರ್ಥ. ಅಂಥ ಕಂಟೇನರು ಬಂದಾಗ ಇದನ್ನು ಬಿಟ್ಟುಬಿಡಿ ಎಂದು ಬಂದರಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸೂಪರ್‌ವೈಸರ್ ಬೆನ್ನ ಹಿಂದೆ ಬಂದು ನಿಂತು, "ಕನ್ನಡಕ ಮಂಜಾಗಿದೆ ನೋಡಿ" ಅನ್ನುತ್ತಾನೆ. ಅಷ್ಟೇ. ಕನ್ನಡಕವಿಲ್ಲದೆ ಒಂದು ಗೇಣು ದೂರದ ಅಂಕಿಯೂ ಅವನಿಗೆ ಇರುವೆಯ ಸಾಲು. ನೋಡಿ ಸುಳ್ಳು ಬರೆಯುವುದು ಬೇರೆ, ನೋಡದೆ ಬರೆಯುವುದು ಬೇರೆ ಎಂದು ಅವನು ಎಂದೋ ತನ್ನೊಳಗೆ ತೀರ್ಮಾನ ಮಾಡಿಕೊಂಡಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಇಲ್ಲಿ ಹಾಲು ಕುಡಿಯುತ್ತಿದ್ದವರು ಬೇರೆ, ಕಣ್ಣು ಮುಚ್ಚುವ ಕೆಲಸ ಮಾತ್ರ ಅವನದು. ಅದಕ್ಕೆ ಪ್ರತಿಯಾಗಿ ಯಾರೂ ಏನನ್ನೂ ಕೊಡಲಿಲ್ಲ, ಅವನೂ ಕೇಳಲಿಲ್ಲ. ಒಲ್ಲೆ ಎಂದವರನ್ನು ಊರಾಚೆಯ ಖಾಲಿ ಕಂಟೇನರುಗಳ ಬಯಲಿಗೆ ಹಾಕುತ್ತಿದ್ದರು. ಅಲ್ಲಿ ಬಿಸಿಲಲ್ಲಿ ದಿನವಿಡೀ ಖಾಲಿ ಪೆಟ್ಟಿಗೆಗಳೊಳಗೆ ತಲೆ ತೂರಿಸಿ ಖಾಲಿ ಇದೆಯೆಂದು ಬರೆಯಬೇಕು. ತನ್ನನ್ನು ಅಲ್ಲಿಗೆ ಹಾಕಲಿಲ್ಲ, ಅದೇ ದೊಡ್ಡದು. ಹೆದರುಪುಕ್ಕಲನಿಗೆ ಇಷ್ಟು ಸಾಕಾಗುತ್ತದೆ ಎನ್ನುವುದು ಮೇಲಿನವರಿಗೆ ಅವನಿಗಿಂತ ಮೊದಲೇ ಗೊತ್ತಿತ್ತು.

ಕ್ರೇನಿನವನು ಬಂದ. ಚಪ್ಪಲಿ ಬಿಡುವಾಗಲೇ ಜೋರು ದನಿ. "ಏನಪ್ಪಾ, ತಯಾರಾಗಿ ಕೂತಿದ್ದೀಯಾ! ಇವತ್ತು ನಿನ್ನ ಭಾವನೇ ಹೀರೋ" ಎಂದು ಬಾಮೈದನ ಬೆನ್ನು ತಟ್ಟಲು ಹೋಗಿ, ತಟ್ಟಬಾರದು ಎಂದು ನೆನಪಾಗಿ ಕೈ ಹಿಂದೆ ತೆಗೆದುಕೊಂಡ. ಬಾಮೈದ ಹಿಗ್ಗಿದ. "ಕೊನೇಲಿ ಹೆಸರು ಹಾಕ್ತಾರಲ್ಲ... ಅದರಲ್ಲಿ ಭಾವನ ಹೆಸರೂ ಬರುತ್ತೆ... ಆರೂ ಕಂತು ನೋಡಿದ್ದೀನಿ" ಅಂದ. ಮೂರು ಮಾತಿಗೆ ಎರಡು ಸಲ ನಿಂತು ಉಸಿರೆಳೆದುಕೊಂಡ. ಮೂವತ್ನಾಲ್ಕು ವರ್ಷ ಅವನಿಗೆ. ಆರು ವರ್ಷದ ಹಿಂದೆ ಇಪ್ಪತ್ತೆಂಟು, ಕಬಡ್ಡಿ ಆಡುತ್ತಿದ್ದವನು, ಒಂದೇ ಉಸಿರಿನಲ್ಲಿ ನಾಲ್ಕು ಜನರನ್ನು ಮುಟ್ಟಿ ಬರುತ್ತಿದ್ದವನು. ಬೇರೆಲ್ಲೂ ಕೆಲಸ ಸಿಗದೆ ಅಕ್ಕನ ಮನೆಗೆ ಬಂದವನನ್ನು ಬಂದರಿನಲ್ಲಿ ಸರಕು ಇಳಿಸುವ ಕೆಲಸಕ್ಕೆ ಸೇರಿಸಿದವನು ಭಾವನೇ. ಸೂಪರ್‌ವೈಸರಿಗೆ ಕೈಮುಗಿದು ಸೇರಿಸಿದ್ದ. ಎಂಟು ತಿಂಗಳಾಗಿತ್ತು ಅಷ್ಟೆ. ಇನ್ನೊಂದು ವರ್ಷ ಅಲ್ಲಿದ್ದಿದ್ದರೆ ಕನ್ನಡಕ ಒರೆಸುವುದೆಂದರೇನು ಎಂದು ಅವನಿಗೂ ಯಾರಾದರೂ ನಗುನಗುತ್ತ ಹೇಳಿಯೇ ಹೇಳುತ್ತಿದ್ದರು. ಹೇಳುವುದಕ್ಕೆ ಕಾಲ ಸಿಗಲಿಲ್ಲ. ಆ ದಿನದ ಕಂಟೇನರಿನ ಕಾಗದದಲ್ಲಿ ಹಳೆ ಬಟ್ಟೆಯ ಮೂಟೆಗಳು ಎಂದಿತ್ತು. ಹಿಂದಿನಿಂದ ಸೂಪರ್‌ವೈಸರಿನ ದನಿ ಬಂತು. ಭಾವ ಕನ್ನಡಕ ತೆಗೆದ, ಒರೆಸಿದ, ಬಗ್ಗಿದ, ಸಹಿ ಹಾಕಿದ. ಅಂಥವನ್ನು ಸಾಮಾನ್ಯವಾಗಿ ಲಾರಿಗೆ ಹಾಗೆಯೇ ಏರಿಸಿ ಕಳಿಸುತ್ತಾರೆ, ಶೆಡ್ಡಿನಲ್ಲಿ ತೆರೆಯುವುದಿಲ್ಲ. ಅವತ್ತು ಲಾರಿ ಕೆಟ್ಟಿತ್ತು. ಸಂಜೆಯೊಳಗೆ ಖಾಲಿ ಮಾಡಿ ಎಂದು ಬೇರೆ ಯಾರೋ ತಿಳಿಯದವರು ಹೇಳಿದರು, ಬಾಗಿಲು ತೆಗೆದು ಮೊದಲು ಒಳಗೆ ಕಾಲಿಟ್ಟವನು ಬಾಮೈದ. ಒಳಗಿದ್ದದ್ದು ಬಟ್ಟೆಯಲ್ಲ, ಸೋರುತ್ತಿದ್ದ ರಾಸಾಯನಿಕದ ಡ್ರಮ್ಮುಗಳು. ಹೊರಗೆ ಎಳೆದು ಹಾಕಿದಾಗ ಅವನು ಬಾಯಿ ತೆರೆದು ಮುಚ್ಚುತ್ತಿದ್ದ, ಶಬ್ದವಿರಲಿಲ್ಲ.

ಧಾರಾವಾಹಿ ಶುರುವಾಯಿತು. ಆರನೇ ಶೆಡ್ಡು ಟೀವಿಯಲ್ಲಿ ಇರುವುದಕ್ಕಿಂತ ಹೆಚ್ಚು ಹಾಳುಬಿದ್ದಂತೆ ಕಾಣುತ್ತಿತ್ತು. ತುಕ್ಕು ಹಿಡಿದ ಸರಪಳಿ, ನೀರಿನ ಮೇಲಿನ ಎಣ್ಣೆ, ಒಂದು ನಾಯಿ. "ಆ ನಾಯಿ ನಮ್ಮದೇ ಕಣ್ರೀ" ಅಂದ ಕ್ರೇನಿನವನು. ಹೆಂಡತಿ ಟೀ ತಂದು ಕೊಟ್ಟು, ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಅವನು ಬಾಮೈದನ ಕತ್ತಿನ ಹಿಂಭಾಗವನ್ನು ನೋಡುತ್ತ ಕೂತ. ವಿಚಾರಣೆಯ ದಿನವೂ ಹೀಗೆಯೇ ಹಿಂದಿನಿಂದ ಆ ಕತ್ತನ್ನು ನೋಡಿದ್ದ. ಆಸ್ಪತ್ರೆಯಿಂದ ನೇರವಾಗಿ ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ತನ್ನ ಹೇಳಿಕೆ ಆಗಲೇ ಆಗಿತ್ತು: ನಾನು ನೋಡಿದಾಗ ಸೀಲು ಸರಿಯಿತ್ತು. ನಂಬುವವರು ಯಾರೂ ಇರಲಿಲ್ಲ. ಸಂಖ್ಯೆ ಓದಿ ಸಹಿ ಹಾಕಿದ್ದನ್ನು ಯಾರಾದರೂ ನೋಡಿದವರಿದ್ದಾರೆಯೇ ಎಂದು ವಿಚಾರಣೆಯವರು ಕೇಳಿದಾಗ, ಆಮ್ಲಜನಕದ ನಳಿಗೆ ಮೂಗಿನಲ್ಲಿದ್ದ ಬಾಮೈದ ಕೈ ಎತ್ತಿದ. "ನಾನು ನೋಡಿದ್ದೀನಿ. ನಾನು ಹತ್ತು ಮಾರು ದೂರದಲ್ಲಿದ್ದೆ. ನಮ್ಮ ಭಾವ ಕನ್ನಡಕ ತೆಗೆದು, ಚೆನ್ನಾಗಿ ಒರೆಸ್ಕೊಂಡು, ಬಗ್ಗಿ ನೋಡಿಯೇ ಸಹಿ ಹಾಕಿದ್ದು. ಅಷ್ಟು ಜೋಪಾನ ಅವರು" ಅಂದಿದ್ದ. ಸತ್ತು ಬದುಕಿದವನ ಮಾತಿಗೆ ಎದುರಿಲ್ಲ. ಸೂಪರ್‌ವೈಸರ್ ತಲೆ ತಗ್ಗಿಸಿ ಉಗುರು ನೋಡಿಕೊಂಡ. ತಪ್ಪು ಯಾರ ತಲೆಗೂ ಬರದೆ, ಸಮುದ್ರದಲ್ಲೆಲ್ಲೋ ಆಗಿದೆ ಎಂದು ಬರೆದು ಕಡತ ಮುಚ್ಚಿದರು. ಅಂದಿನಿಂದ ಬಾಮೈದ ಈ ಮನೆಯಲ್ಲೇ ಉಳಿದಿದ್ದಾನೆ, ಊಟಕ್ಕೆ ಕೂತಾಗಲೆಲ್ಲ ಸಂಕೋಚದಿಂದ ಅರ್ಧ ಹೊಟ್ಟೆಗೇ ಸಾಕೆನ್ನುತ್ತಾನೆ, ಭಾವ ನೀವು ದೇವರು ಎನ್ನುತ್ತಾನೆ. ಆ ಮಾತು ಕೇಳಿ ಊಟ ಬಿಟ್ಟು ಏಳುವ ಹಾಗಿಲ್ಲ, ಕೂತು ತುತ್ತು ನುಂಗುವ ಹಾಗಿಲ್ಲ.

"ಈಗ, ಈಗ ಬರುತ್ತೆ ನೋಡಿ" ಎಂದ ಕ್ರೇನಿನವನು ಲೋಟ ಕೆಳಗಿಟ್ಟು. ಪರದೆಯ ಮೇಲೆ ನಟ ಕಂಟೇನರಿನ ಮುಂದೆ ನಿಂತಿದ್ದ. ಬೆನ್ನ ಹಿಂದಿನಿಂದ ದನಿಯೊಂದು, ಕನ್ನಡಕ ಮಂಜಾಗಿದೆ ಎಂದಿತು; ಅವನು ಹೇಳಿರದ ಆ ಮಾತನ್ನು ಕ್ಯಾಂಟೀನಿನಲ್ಲಿ ಯಾರಿಂದಲೋ ಕೇಳಿದ್ದಿರಬೇಕು. ನಟ ಕನ್ನಡಕ ತೆಗೆದ. ಅಂಗಿಯ ತುದಿ ಎಳೆದುಕೊಂಡ. ತನ್ನ ಕೈಯನ್ನು ಬೇರೊಬ್ಬನ ತೋಳಿಗೆ ಜೋಡಿಸಿದ್ದಾರೆ ಎನ್ನಿಸಿ ಅವನಿಗೆ ಬೆವರು ಕಿತ್ತು ಬಂತು. ಹೆಬ್ಬೆರಳು ಗಾಜಿನ ಮೇಲೆ ಎರಡು ಸುತ್ತು ಸುತ್ತಿ ನಿಲ್ಲುವುದನ್ನೂ ಬಿಟ್ಟಿರಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಮುಂದಿನ ದೃಶ್ಯದಲ್ಲಿ ಪೊಲೀಸಿನವಳೊಬ್ಬಳು ನಟನನ್ನು ಮೇಜಿನ ಎದುರು ಕೂರಿಸಿ, ಅವನ ಕನ್ನಡಕವನ್ನು ಕೈಗೆತ್ತಿಕೊಂಡು, ಮಗುವಿಗೆ ಬಿಡಿಸಿ ಹೇಳುವಂತೆ ಹೇಳಿದಳು: ನೋಡಬಾರದು ಎಂದಾಗಲೆಲ್ಲ ನೀನು ಇದನ್ನು ತೆಗೆಯುತ್ತೀಯ, ಒರೆಸುವುದು ಬರೀ ನಾಟಕ, ಅಲ್ಲವಾ? ನಟ ತಲೆ ತಗ್ಗಿಸಿದ. ಕ್ರೇನಿನವನು ತೊಡೆ ತಟ್ಟಿ ನಕ್ಕ. "ಎಂಥಾ ಸತ್ಯ ಹೇಳಿದ್ರು ನೋಡ್ರೀ! ಬಂದರಿನಲ್ಲಿ ಯಾರಿಗೆ ಗೊತ್ತಿರಲಿಲ್ಲ ಇದು? ನಾನು ಮೇಲಿಂದ ದಿನಾ ನೋಡ್ತಿದ್ದೆ. ಅಯ್ಯೋ ನೀವ್ಯಾಕ್ರೀ ಬೆವರ್ತೀರಿ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ!" ಯಾರೂ ನಗದಿದ್ದದ್ದನ್ನು ನೋಡಿ ಅವನ ನಗು ಅರ್ಧಕ್ಕೇ ನಿಂತಿತು. ಬಾಮೈದನನ್ನು ನೋಡಿದ, ಬಾಗಿಲಲ್ಲಿ ನಿಂತವಳನ್ನು ನೋಡಿದ, ಆಗ ಅವನಿಗೂ ಹಳೆಯದೇನೋ ಹೊಳೆದಿರಬೇಕು. ಮನೆಯಲ್ಲಿ ಕೆಲಸವಿದೆ ಎಂದು ಗೊಣಗಿ, ಟೀ ಪೂರ್ತಿ ಕುಡಿಯದೆ ಎದ್ದು ಹೋದ.

ಟೀವಿಯನ್ನು ಹೆಂಡತಿ ಆರಿಸಿದಳು. ಬಾಮೈದ ತಿರುಗಲಿಲ್ಲ. ಅವನ ಹೆಗಲುಗಳು ಏಳುತ್ತ ಇಳಿಯುತ್ತ ಇದ್ದವು, ಪ್ರತಿ ಉಸಿರಿಗೂ ಹರಿದ ಬಟ್ಟೆ ಎಳೆದಂಥ ಸದ್ದು ಬರುತ್ತಿತ್ತು. "ಎಷ್ಟು ಸುಳ್ಳು ತೋರಿಸ್ತಾರೆ ಭಾವ" ಅಂದ. "ನೀವು ಒಳ್ಳೇದು ಹೇಳಿಕೊಟ್ರಿ... ಅದನ್ನ ತಿರುಚಿದ್ದಾರೆ. ನೋಡೋದಕ್ಕೆ ಅಂತ ಒರೆಸೋದನ್ನ... ನೋಡದೆ ಇರೋದಕ್ಕೆ ಅಂತ ಮಾಡಿದ್ದಾರೆ." ಇಲ್ಲಿ ಸುಮ್ಮನಿದ್ದುಬಿಟ್ಟರೆ ಸಾಕಿತ್ತು. ಆರು ವರ್ಷ ಸುಮ್ಮನಿದ್ದವನಿಗೆ ಇನ್ನೊಂದು ನಿಮಿಷ ಎಷ್ಟರದು. ಆದರೆ ಆ ಕೃಪೆ ಅವನಿಂದ ತಡೆಯಲಾಗಲಿಲ್ಲ. "ತಿರುಚಿಲ್ಲ ಕಣೋ. ನಾನು ತೋರಿಸಿದ್ದೇ ಹಾಗೆ" ಅಂದ. ತನ್ನ ದನಿ ತನಗೇ ಬೇರೆ ಯಾರದೋ ಎಂಬಂತೆ ಕೇಳುತ್ತಿತ್ತು. "ಅವತ್ತು ನಾನು ನೋಡಲಿಲ್ಲ. ಕನ್ನಡಕ ಕೈಯಲ್ಲಿತ್ತು. ಸೀಲಿನ ನಂಬರು ನಾನು ನೋಡಲೇ ಇಲ್ಲ." ಹೇಳಿ ಮುಗಿದಾಗ ಎದೆ ಹಗುರವಾಗುತ್ತದೆ ಎಂದು ಅವನು ಎಷ್ಟೋ ಸಲ ಊಹಿಸಿಕೊಂಡಿದ್ದ. ಹಗುರವಾಗಲಿಲ್ಲ. ಬಾಮೈದ ಬೈಯಲಿ, ಲೋಟ ಎತ್ತಿ ಎಸೆಯಲಿ, ಉಸಿರಿದ್ದಷ್ಟು ಕೂಗಲಿ ಎಂದು ಕಾದ. ಬಾಗಿಲಲ್ಲಿ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು, ಅವಳ ಮುಖದಲ್ಲಿ ಆಶ್ಚರ್ಯವೊಂದು ಬಿಟ್ಟು ಬೇರೆಲ್ಲವೂ ಇತ್ತು.

ಬಾಮೈದ ಕುರ್ಚಿಯ ಕೈ ಹಿಡಿದುಕೊಂಡು, ಮೈಯನ್ನೆಲ್ಲ ತಿರುಗಿಸಿ ಅವನ ಕಡೆಗೆ ನೋಡಿದ. ಕಣ್ಣು ಕೆಂಪಾಗಿದ್ದವು. "ನೀವು ನೋಡಿದ್ರಿ ಭಾವ" ಅಂದ.

"ಇಲ್ಲ ಕಣೋ, ನಾನು..."

"ನೋಡಿದ್ರಿ. ನೀವು ನೋಡಿದ್ದನ್ನ ನಾನು ನೋಡಿದ್ದೀನಿ. ಹತ್ತು ಜನರ ಎದುರಿಗೆ... ಹೇಳಿದ್ದೀನಿ." ಉಸಿರಿಗಾಗಿ ನಿಂತ. "ನನ್ನ ಪಾಲಿಗೆ ಉಳಿದಿರೋದು ಅದೊಂದೇ ಮಾತು. ಯಾರದ್ದೂ ತಪ್ಪಿಲ್ಲ, ಸಮುದ್ರದಲ್ಲಿ ಆಗಿದ್ದು ಅಂದ್ಕೊಂಡು... ರಾತ್ರಿ ನಿದ್ದೆ ಮಾಡ್ತೀನಿ. ಬೆಳಿಗ್ಗೆ ಎದ್ದು ಈ ಮನೆ ಅನ್ನ ಉಣ್ತೀನಿ. ಈಗ ಅದನ್ನೂ ಕಿತ್ಕೊಂಡ್ರೆ ನಾನು ಎಲ್ಲಿಗೆ ಹೋಗ್ಲಿ ಭಾವ? ಮೂರು ಮೆಟ್ಟಿಲು ಇಳಿಯೋಕೆ ಆಗಲ್ಲ ನನಗೆ."

ಅಷ್ಟು ಮಾತಿಗೇ ಬಾಮೈದನಿಗೆ ಸಾಕಾಗಿತ್ತು, ಕಣ್ಣು ಮುಚ್ಚಿ ಹಿಂದಕ್ಕೊರಗಿದ. ಮೇಲಿನ ಮನೆಯಲ್ಲಿ ಕ್ರೇನಿನವನು ಓಡಾಡುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಬಾಮೈದ ಕಣ್ಣು ತೆರೆಯದೆಯೇ, ಎಂದಿನ ಮೆದು ದನಿಯಲ್ಲಿ, "ಅಕ್ಕ, ಒಂದು ಹಾಳೆ ಪೆನ್ನು ತಂದುಕೊಡು. ಭಾವ ಬರೀತಾರೆ. ಟೀವಿಯವರಿಗೆ ಒಂದು ಪತ್ರ ಹಾಕೋಣ" ಅಂದ. ಬೇಡ ಎಂದು ಅವಳಾದರೂ ಅಂದಾಳೆಂದು ಅವನು ಬಾಗಿಲ ಕಡೆ ನೋಡಿದ. ಅವಳು ಒಳಗೆ ಹೋಗಿ ಹಾಳೆ ತಂದಳು, ಪೆನ್ನಿನ ಮುಚ್ಚಳ ತೆಗೆದು, ಬಿಸಿ ಟೀ ಕೊಡುವಷ್ಟೇ ಎಚ್ಚರದಿಂದ ಅವನ ಕೈಗೆ ಕೊಟ್ಟಳು.

"ಬರ್ಕೊಳ್ಳಿ. ನಿಮ್ಮ ಏಳನೇ ಕಂತಿನಲ್ಲಿ... ತೋರಿಸಿದ್ದು ತಪ್ಪು." ಅವನು ಬರೆದ. "ನಮ್ಮ ಭಾವ ಮೂವತ್ತೊಂದು ವರ್ಷ ಸೀಲು ನೋಡಿದವರು." ಬರೆದ. "ನೋಡದೆ ಅವರು ಒಂದು ದಿನಾನೂ ಸಹಿ ಹಾಕಿದವರಲ್ಲ. ಇದಕ್ಕೆ ನಾನೇ ಸಾಕ್ಷಿ." ಬೆರಳುಗಳು ಒದ್ದೆಯಾಗಿ ಪೆನ್ನು ಜಾರುತ್ತಿತ್ತು; ಅಕ್ಷರಗಳು ಮಾತ್ರ ಮೂವತ್ತೊಂದು ವರ್ಷದ ಅಭ್ಯಾಸದಿಂದ ದುಂಡಗೆ, ಸಾಲು ತಪ್ಪದೆ ಬಿದ್ದವು. ಹೆಂಡತಿ ಅವನ ಬೆನ್ನ ಹಿಂದೆ ಬಂದು ನಿಂತಳು.

"ಆಯ್ತಾ ಭಾವ?"

"ಆಯ್ತು."

"ಓದಿ" ಅಂದ ಬಾಮೈದ. "ಜೋರಾಗಿ ಓದಿ, ಅಕ್ಕನಿಗೂ ಕೇಳಲಿ." ಅವನು ಓದಿದ. ಬಾಮೈದ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದ.

"ಇನ್ನೊಂದ್ಸಲ" ಅಂದ.